ಸೀಳುಬಿಟ್ಟ ಬಾಣದ ಕಡ್ಡಿ

ಬಿಲ್ಲುಗಾರ ಓಬಯ್ಯ ಹೊಸ ಬಾಣಗಳಿಗೆಂದು ತಡಸಲು ಮರದ ಕಡ್ಡಿಗಳನ್ನು ಆರಿಸುತ್ತಿದ್ದ. ಎಲ್ಲಕ್ಕಿಂತ ನೇರವಾಗಿದ್ದ ಕಡ್ಡಿಯೊಂದನ್ನು ಮೆಚ್ಚಿ, ಪರೀಕ್ಷಿಸಲೆಂದು ಬಿಲ್ಲಿಗೆ ಹೂಡಿದ. ಅದರ ಬಾಲದ ಬಳಿ ಕೂದಲೆಳೆಯಷ್ಟು ಸೀಳಿತ್ತು. ಹೇಳಿದರೆ ಒಲೆಯ ಪಾಲಾಗುತ್ತೇನೆಂದು ಕಡ್ಡಿ ಬಾಯಿಬಿಟ್ಟಿರಲಿಲ್ಲ.

“ಯಾಕೆ ನಡುಗುತ್ತೀಯೆ?” ಎಂದಿತು ಬಿಲ್ಲು.

“ನನ್ನ ಮೈಯಲ್ಲಿ ಸೀಳಿದೆ.”

“ಹಾಗಾದರೆ ನೀನು ಮುರಿದು ಅವನ ಕೈಗೇ ನಾಟುತ್ತೀಯೆ!”

ಹೆದೆ ಆಗಲೇ ಕಿವಿಯವರೆಗೆ ಬಂದಿತ್ತು. ಕಡ್ಡಿಗೆ ತಡೆಯಲಾಗಲಿಲ್ಲ. “ಒಡೆಯಾ, ಬಿಡಬೇಡಿ! ನಾನು ಸೀಳುಬಿಟ್ಟಿದ್ದೇನೆ!” ಎಂದು ಕೂಗಿತು.

ಓಬಯ್ಯ ಹೆದೆಯನ್ನು ಮೆಲ್ಲನೆ ಸಡಿಲಿಸಿ, ಕಡ್ಡಿಯನ್ನು ಬಾಗಿಸಿ ನೋಡಿದ. ಸೀಳು ಕಣ್ಣಿಗೆ ಬಿತ್ತು. “ನನ್ನ ಕೈ ಉಳಿಸಿದೆ ಮಾರಾಯ” ಎನ್ನುತ್ತ ಬಾಲದ ಕಡೆ ನಾಲ್ಕು ಬೆರಳಷ್ಟು ಕತ್ತರಿಸಿ ಹಾಕಿದ. “ನನಗೆ ಮೋಟಾಯಿತು, ನನ್ನವಳ ತೋಳಿಗೆ ಸರಿಹೋಗುತ್ತದೆ.”

ಅವನ ಹೆಂಡತಿಯ ಬತ್ತಳಿಕೆಗೆ ಇಳಿದ ಕಡ್ಡಿ, ಉಳಿದ ಬಾಣಗಳಿಗೆ ಒರಗಿಕೊಂಡು ನಿರಾಳವಾಗಿ ಉಸಿರುಬಿಟ್ಟಿತು.