ಹೊಟ್ಟೆ ತುಂಬಿದ ಮೀನು

ಜವರಪ್ಪನಿಗೆ ಊರಾಚೆ ಸ್ವಂತದ್ದೊಂದು ಮೀನಿನ ಕೊಳವಿತ್ತು. ಭಾನುವಾರ ಬಂತೆಂದರೆ ಯಾವುದಾದರೂ ಸಂಘದವರೋ ಬೀದಿಯವರೋ ಗುಂಪು ಕಟ್ಟಿಕೊಂಡು, ಬುತ್ತಿ ಸಮೇತ ಬರುತ್ತಿದ್ದರು. ದಿನದ ಬಾಡಿಗೆ ಕೊಟ್ಟು ದಡದಲ್ಲಿ ಕೂತು ಗಾಳ ಹಾಕಬೇಕು, ಸಿಕ್ಕಿದ ಮೀನೆಲ್ಲ ಅವರದೇ.

ಸಿಕ್ಕಿದರೆ ತಾನೆ! ಗುಂಪು ಬರುವ ದಿನ ಜವರಪ್ಪ ನಸುಕಿಗೇ ಎದ್ದು ಕಡಲೆಕಾಯಿ ಹಿಂಡಿ, ತೌಡು ಕಲಸಿ ಕೊಳಕ್ಕೆ ಸುರಿದುಬಿಡುತ್ತಿದ್ದ. ಹೊಟ್ಟೆ ತುಂಬಿದ ಮೀನು ಗಾಳ ಯಾಕೆ ಕಚ್ಚುತ್ತದೆ ಹೇಳಿ ಮಕ್ಕಳೇ? ಬಂದವರು "ನಮ್ಮ ಅದೃಷ್ಟವೇ ಇಷ್ಟು" ಎಂದು ಬರಿಗೈಲಿ ಹೋಗುತ್ತಿದ್ದರು. "ನಾನೇನು ಕದ್ದೆನೇ? ಮೂಕಪ್ರಾಣಿಗೆ ಊಟ ಹಾಕಿದೆ" ಎಂದು ಜವರಪ್ಪ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಭಲೇ ಪುಣ್ಯಾತ್ಮ!

ಒಂದು ಭಾನುವಾರ ಇಟ್ಟಿಗೆ ಗೂಡಿನ ಕೆಲಸದವರು ಟೆಂಪೊ ಮಾಡಿಕೊಂಡು ಬಂದರು. ಅವರಲ್ಲಿ ಪುಟ್ಟತಾಯಮ್ಮ ಎಂಬ ಹಿರಿಯ ಹೆಂಗಸಿದ್ದಳು. ಅವಳ ಬಸುರಿ ಮಗಳಿಗೆ ಒಂದೇ ಬಯಕೆ, ಚಿಕ್ಕಂದಿನಲ್ಲಿ ಉಂಡ ಹಾಗೆ ಅವ್ವನೇ ಗಾಳ ಹಾಕಿ ಹಿಡಿದ ಮೀನಿನ ಸಾರು. ಪುಟ್ಟತಾಯಮ್ಮ ಬೆಳಗಿನಿಂದ ಬಿಸಿಲಲ್ಲಿ ಅಲುಗಾಡದೆ ಕೂತಳು. ಗಾಳವೂ ಅಲುಗಾಡಲಿಲ್ಲ.

ಮಧ್ಯಾಹ್ನ ಬುತ್ತಿ ಬಿಚ್ಚಿ, "ಬಾರಪ್ಪ, ನೀನೂ ಒಂದು ತುತ್ತು ಉಣ್ಣು" ಎಂದು ಜವರಪ್ಪನನ್ನೂ ಕೂರಿಸಿಕೊಂಡರು. ಪುಟ್ಟತಾಯಮ್ಮ ತನ್ನ ಮುದ್ದೆಯಲ್ಲೊಂದು ಚೂರು ಮುರಿದು ನೀರಿಗೆಸೆದಳು. ಒಂದು ಮೀನು ಮೇಲೆ ಬಂತು, ಮೂಸಿತು, ಹೊರಟೇಹೋಯಿತು.

"ಅಯ್ಯೋ ನನ್ನಪ್ಪಾ, ಮುದ್ದೇನೇ ಮುಟ್ತಿಲ್ವಲ್ಲ! ನಿನ್ನ ಮೀನಿಗೆ ಏನೋ ರೋಗ ಬಂದದೆ ಕಣಪ್ಪ" ಎಂದಳು. ಕೈತೊಳೆದು ಬಂದು, ಕಣ್ಣು ಮುಚ್ಚಿ ಕೈಮುಗಿದಳು. "ತಾಯೀ, ನನ್ನ ಮಗಳ ಬಯಕೆ ಹಿಂದಾಗಡೆ ತೀರಲಿ. ಮೊದಲು ಈ ಮಗನ ಮೀನು ಉಳಿಸಿಕೊಡು." ಜೊತೆಯವರೂ ಕೈಮುಗಿದರು.

ಜವರಪ್ಪ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟ. ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ತಾನು ಮೋಸ ಮಾಡಿದವಳೇ ತನಗಾಗಿ ದೇವರಲ್ಲಿ ಬೇಡುವುದನ್ನು ನೋಡಿ ಮೈಯೆಲ್ಲ ಹಿಡಿಯಷ್ಟಾಯಿತು. ಎದ್ದು ನಿಂತು, ತಲೆ ತಗ್ಗಿಸಿಕೊಂಡೇ ಎಲ್ಲ ಹೇಳಿಬಿಟ್ಟ.

ಯಾರೂ ಬೈಯಲಿಲ್ಲ. ಬೈದಿದ್ದರೆ ವಾಸಿಯಾಗಿತ್ತು.

"ಹಂಗಾದ್ರೆ ಮೀನಿಗೇನೂ ಆಗಿಲ್ಲ ಅನ್ನು. ಸದ್ಯ!" ಎಂದಳು ಪುಟ್ಟತಾಯಮ್ಮ.

ಆ "ಸದ್ಯ" ಅವನ ಎದೆಗೆ ನಾಟಿತು. ಓಡಿಹೋಗಿ ಬಲೆ ತಂದ. "ತಾಯೀ, ಬಲೆ ಬೀಸ್ತೀನಿ. ಎಷ್ಟು ಬೇಕೋ ಅಷ್ಟು ತಗೊಂಡೋಗಿ."

"ಬ್ಯಾಡಪ್ಪ. ಬಲೆ ಮೀನು ಸಂತೇಲೂ ಸಿಕ್ತದೆ. ನನ್ನ ಮಗಳು ಕೇಳಿರೋದು ನನ್ನ ಗಾಳದ್ದು. ಮುಂದಿನ ವಾರ ಬತ್ತೀನಿ, ಅವತ್ತು ನಿನ್ನ ಮೀನಿಗೆ ಉಪವಾಸ ಇರಕ್ಕೆ ಹೇಳು" ಎಂದಳು. ಎಲ್ಲರೂ ನಕ್ಕರು. ಜವರಪ್ಪನಿಗೆ ಮಾತ್ರ ನಗು ಬರಲಿಲ್ಲ.

ಮುಂದಿನ ಭಾನುವಾರ ಮೀನೂ ಉಪವಾಸ, ಜವರಪ್ಪನೂ ಉಪವಾಸ. ಪುಟ್ಟತಾಯಮ್ಮನ ಗಾಳಕ್ಕೆ ಕಾಟ್ಲಾ ಮೀನೊಂದು ಬಿದ್ದು ದಡದಲ್ಲಿ ಪಟಪಟನೆ ಒದ್ದಾಡಿದ ಮೇಲೇ ಅವನು ತುತ್ತು ಮುಟ್ಟಿದ್ದು. ಅಂದಿನಿಂದ ಹಿಂಡಿ ಹಾಕುವುದು ಸಂಜೆಗೆ, ಬಂದವರು ಟೆಂಪೊ ಹತ್ತಿದ ಮೇಲೆ.

ನೀತಿ: ಮಾಡಿದ ಮೋಸಕ್ಕೆ ಪುಣ್ಯದ ಹೆಸರಿಟ್ಟರೂ ಅದು ಮೋಸವೇ. ನಮ್ಮಿಂದ ಮೋಸಹೋದವರೇ ನಮಗಾಗಿ ಮರುಗುವುದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ಅಲ್ಲಿಯವರೆಗೆ ಕಾಯಬೇಡಿ, ತಪ್ಪು ಒಪ್ಪಿಕೊಂಡುಬಿಡಿ.