ಇಲಿಯ ಬಿಲಕ್ಕೆ ತಾಗಿದ ದೃಷ್ಟಿ

ಇಲಿಯೊಂದು ತನ್ನ ಹಳೇ ಬಿಲವನ್ನು ದೊಡ್ಡದು ಮಾಡುವ ಕೆಲಸವನ್ನು ಹೆಗ್ಗಣ ಮೇಸ್ತ್ರಿಗೆ ಒಪ್ಪಿಸಿತು. ಮೇಸ್ತ್ರಿ ಅಡ್ಡಾದಿಡ್ಡಿ ತೋಡಿದ ರಭಸಕ್ಕೆ ಪಕ್ಕದ ಚರಂಡಿ ಒಡೆದು, ನಡುಮನೆಯಲ್ಲಿ ಮೊಣಕಾಲುದ್ದ ನೀರು ನಿಂತಿತು.

"ಮೇಸ್ತ್ರಿಗಳೇ, ಇದನ್ನು ಸರಿ ಮಾಡಿಕೊಡಿ" ಎಂದಿತು ಇಲಿ.

"ನನ್ನ ಕೆಲಸದಲ್ಲಿ ಲೋಪವಿಲ್ಲ. ನಿಮ್ಮ ಬಿಲಕ್ಕೆ ಯಾರದೋ ದೃಷ್ಟಿ ತಾಗಿದೆ. ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿ" ಎಂದಿತು ಹೆಗ್ಗಣ.

ಇಲಿ ಭಕ್ತಿಯಿಂದ ಕಟ್ಟಿತು. ನೀರು ಇಳಿಯಲಿಲ್ಲ. ಕೊನೆಗೆ, ನೀರಿನ ವಿಷಯ ಕಪ್ಪೆಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ ಎಂದುಕೊಂಡು, ಕಪ್ಪೆಯ ಬಳಿ ಹೋಗಿ ನ್ಯಾಯ ಕೇಳಿತು.

"ಸ್ಥಳ ನೋಡದೆ ತೀರ್ಪು ಕೊಡುವ ಪದ್ಧತಿ ನನ್ನದಲ್ಲ" ಎಂದ ಕಪ್ಪೆ, ಹೆಂಡತಿ ಮಕ್ಕಳ ಸಮೇತ ಬಿಲಕ್ಕಿಳಿಯಿತು. ಹೊತ್ತು ಮುಳುಗುತ್ತ ಬಂದರೂ ಯಾರೂ ಮೇಲೆ ಬರಲಿಲ್ಲ.

ಇಲಿ ಬಾಗಿಲಲ್ಲಿ ಬಗ್ಗಿ ಕೇಳಿತು: "ಸ್ವಾಮಿ, ಏನು ತೀರ್ಮಾನವಾಯಿತು?"

"ಕೆಲಸ ಬಹಳ ಅಚ್ಚುಕಟ್ಟಾಗಿದೆ" ಎಂದು ಕಪ್ಪೆ ನೀರಲ್ಲಿ ಕೂತೇ ಹೇಳಿತು. ಆಮೇಲೆ ಹೆಂಡತಿಯ ಕಡೆ ತಿರುಗಿ, "ಬಾಗಿಲ ನಿಂಬೆಹಣ್ಣು ಹಾಗೇ ಇರಲಿ ಕಣೇ, ತೆಗೀಬೇಡ. ಹೊರಗೆ ನಿಂತಿದೆಯಲ್ಲ, ಆ ಇಲಿಯ ಕಣ್ಣು ಒಳ್ಳೇದಲ್ಲ" ಎಂದಿತು.