‘ಕಟ್’ ಎನ್ನದ ನಿರ್ದೇಶಕ

ಅರಕಲಗೂಡಿನ ಪೇಟೆ ಬೀದಿಯಲ್ಲಿ ವೀರಭದ್ರಾಚಾರ್ ಎಂಬ ಅಕ್ಕಸಾಲಿಗರಿದ್ದರು. ಚಿನ್ನದ ಕೆಲಸ ಬಿಟ್ಟರೆ ಅವರಿಗಿದ್ದ ಒಂದೇ ಹುಚ್ಚು ಕಳ್ಳರ ಸಿನಿಮಾ. ಬ್ಯಾಂಕು ದೋಚುವುದು, ವೇಷ ಹಾಕಿಕೊಂಡು ಬಂದು ಟೋಪಿ ಹಾಕುವುದು, ಇಂಥದ್ದು ಟಿ.ವಿ.ಯಲ್ಲಿ ಬಂತೆಂದರೆ ಊಟದ ತಟ್ಟೆಯೂ ಅಲ್ಲಿಗೇ ಬರಬೇಕು. ಕಳ್ಳರು ಗೆದ್ದರೆ ತೊಡೆ ತಟ್ಟಿ ನಗುವರು. ಮೋಸಹೋದ ಸಾಹುಕಾರನ ಮೇಲೆ ಎಳ್ಳಷ್ಟೂ ಕನಿಕರವಿಲ್ಲ. ನಾನಾಗಿದ್ದರೆ ಆ ಕಳ್ಳರನ್ನು ಐದೇ ನಿಮಿಷದಲ್ಲಿ ಹಿಡಿದುಬಿಡುತ್ತಿದ್ದೆನೆಂದು ಹೆಂಡತಿ ಕಮಲಾಕ್ಷಮ್ಮನ ಮುಂದೆ ಕೊಚ್ಚಿಕೊಳ್ಳುವರು. ಆಕೆ ಹೂಂ ಅಂದು ಪಾತ್ರೆ ತೆಗೆದುಕೊಂಡು ಒಳಗೆ ಹೋಗುವಳು.

ಒಂದು ದಿನ ಬೆಳಗ್ಗೆ ಅಂಗಡಿ ಮುಂದೆ ವ್ಯಾನು ನಿಂತಿತು. ಬಿಳಿ ಟೋಪಿಯ ನಿರ್ದೇಶಕ, ಕ್ಯಾಮೆರಾದವನು, ಇನ್ನಿಬ್ಬರು ಇಳಿದರು. ಚಿನ್ನದಂಗಡಿ ದೋಚುವ ಸಿನಿಮಾವಂತೆ. ಇಂಥದ್ದೇ ಅಂಗಡಿ ಬೇಕಂತೆ. ಮಾಲೀಕನ ಪಾತ್ರಕ್ಕಂತೂ ಆಚಾರ್ರ ಮುಖವೇ ಹೇಳಿ ಮಾಡಿಸಿದ ಹಾಗಿದೆಯಂತೆ. ಆಚಾರ್ರಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಆದರೂ ಜಾಣರಲ್ಲವೇ, ಶೋಕೇಸಿನಲ್ಲಿ ಗಿಲೀಟು ಒಡವೆ ಮಾತ್ರ ಇಡುತ್ತೇನೆ ಎಂದರು. ನಿರ್ದೇಶಕ ತಕ್ಷಣ ಒಪ್ಪಿದ. ಗಿಲೀಟು ಇಟ್ಟದ್ದಾಯಿತು. ಅವನು ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡಿ ಸ್ವಲ್ಪ ಮುಖ ಸಣ್ಣದು ಮಾಡಿದ.

“ಪರವಾಗಿಲ್ಲ ಬಿಡಿ ಸಾರ್. ಗಿಲೀಟು ಅಂತ ನೋಡೋ ಜನಕ್ಕೆ ಎಲ್ಲಿ ಗೊತ್ತಾಗುತ್ತೆ.”

ಅಷ್ಟೇ ಸಾಕಾಯಿತು. ಮೇಲೆ ತಮ್ಮ ಹೆಸರಿನ ಬೋರ್ಡು, ಕೆಳಗೆ ಗಿಲೀಟು! ಮೂವತ್ತು ವರ್ಷ ಚಿನ್ನ ಕಾಯಿಸಿದ ಕೈಗೆ ಅದನ್ನು ತಡೆಯಲಾಗಲಿಲ್ಲ. ಯಾರೂ ಕೇಳಲಿಲ್ಲ, ಯಾರೂ ಒತ್ತಾಯ ಮಾಡಲಿಲ್ಲ. ಆಚಾರ್ರೇ ಒಳಗೆ ಹೋಗಿ ಬೀರು ತೆರೆದರು. ಅದರಲ್ಲಿದ್ದದ್ದು ಐದು ಮನೆಯ ಮದುವಣಗಿತ್ತಿಯರ ಒಡವೆ. ಗುರುವಾರದ ಮದುವೆಗಳಿಗೆ ಮೆರುಗು ಹಾಕಿ ಕೊಡಬೇಕಾದದ್ದು. ಅಷ್ಟನ್ನೂ ತಂದು ಶೋಕೇಸಿನಲ್ಲಿ ಜೋಡಿಸಿದರು. ಈಗ ನಿರ್ದೇಶಕನ ಮುಖ ಅರಳಿತು.

ಅಷ್ಟರಲ್ಲಿ ಪೇಟೆಗೆ ಪೇಟೆಯೇ ನೆರೆದಿತ್ತು. ಕಟ್ಟೆಯ ಮೇಲೆ ಜನ, ಎದುರು ಮನೆ ತಾರಸಿಯ ಮೇಲೆ ಜನ. ಆಚಾರ್ರನ್ನು ಕುರ್ಚಿಗೆ ಕೂರಿಸಿ ಹಗ್ಗ ಸುತ್ತಿದರು. ಹಗ್ಗವೇನೋ ಸಡಿಲವೇ, ಎದ್ದರೆ ಬಿದ್ದುಹೋಗುವಂಥದ್ದು. ತಾನು ‘ಕಟ್’ ಅನ್ನುವವರೆಗೂ ಅಲ್ಲಾಡಬಾರದು, ಅಲ್ಲಾಡಿದರೆ ಇಡೀ ದೃಶ್ಯ ಹಾಳು ಎಂದು ನಿರ್ದೇಶಕ ಎಚ್ಚರಿಸಿದ.

ಆ್ಯಕ್ಷನ್ ಎಂದದ್ದೇ ತಡ, ಮುಸುಕು ಹಾಕಿದ ಇಬ್ಬರು ನುಗ್ಗಿದರು. ಒಡವೆಗಳು ಚೀಲಕ್ಕೆ ಬಿದ್ದವು. ಆಚಾರ್ರು ಕಣ್ಣು ಮೇಲೆ ಮಾಡಿ, ತುಟಿ ಅದುರಿಸಿ ಅಭಿನಯಿಸಿದ್ದೇ ಅಭಿನಯಿಸಿದ್ದು. ಜನ ಬಿದ್ದು ಬಿದ್ದು ನಕ್ಕರು. ಚೀಲ ತುಂಬಿತು. ‘ಕಟ್’ ಬರಲಿಲ್ಲ. ಚೀಲ ಬಾಗಿಲು ದಾಟಿತು. ಆಗಲೂ ಬರಲಿಲ್ಲ.

ಗುಂಪಿನೊಳಗಿಂದ ಕಮಲಾಕ್ಷಮ್ಮ ಕರೆದಳು. “ರೀ, ಕ್ಯಾಮೆರಾ ಹತ್ರ ಯಾರೂ ಇಲ್ಲ ಕಣ್ರೀ.”

ಆಚಾರ್ರು ಓರೆಗಣ್ಣಿನಿಂದ ನೋಡಿದರು. ಕ್ಯಾಮೆರಾದವನು ವ್ಯಾನಿನ ಸ್ಟಿಯರಿಂಗ್ ಹಿಡಿದು ಕೂತಿದ್ದ. ನಿಜವಾದ ಕಳ್ಳರೇ ಇರಬೇಕು. ಆದರೆ ಇನ್ನೊಂದು ಕ್ಯಾಮೆರಾ ಎಲ್ಲಾದರೂ ಇದ್ದರೆ? ಎದ್ದು ಕೂಗಿದ ಮೇಲೆ ನಿಜವಾದ ಶೂಟಿಂಗ್ ಎಂದಾದರೆ? ಜನ್ಮವಿಡೀ ಊರು ಆಡಿಕೊಳ್ಳುತ್ತದೆ. ಹೀಗೆ ಅನ್ನಿಸಿ ಒಂದು ಗಳಿಗೆ ಹಾಗೇ ಕೂತರು. ಜನ ನಗುತ್ತಲೇ ಇದ್ದರು. ಆ ನಗು ಅವರಿಗೆ ಚೆನ್ನಾಗಿ ಗೊತ್ತಿತ್ತು. ಟಿ.ವಿ. ಮುಂದೆ ಕೂತು ಪೆದ್ದ ಸಾಹುಕಾರನನ್ನು ನೋಡಿ ತಾವು ನಗುತ್ತಿದ್ದದ್ದು ಹೀಗೆಯೇ. ಆಚಾರ್ರು ಎದ್ದು ನಿಂತರು.

‘ಕಳ್ಳರು, ಹಿಡಿಯಿರಿ’ ಎಂದು ಕೂಗಿದರು. ಜನ ಚಪ್ಪಾಳೆ ಹೊಡೆದರು. ಯಾರೋ ಸಿಳ್ಳೆ ಹಾಕಿದರು. ವ್ಯಾನು ಹತ್ತುತ್ತಿದ್ದ ನಿರ್ದೇಶಕನೂ ತಿರುಗಿ, ಸೂಪರ್ ಸಾರ್, ಹಾಗೇ ಮುಂದುವರಿಸಿ ಅಂದ. ಕೂಗಿದಷ್ಟೂ ಚಪ್ಪಾಳೆ ಜೋರಾಯಿತು.

ಇನ್ನು ಉಳಿದದ್ದು ಒಂದೇ ಮಾತು. ಅದನ್ನು ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಐದು ಮದುವೆ ನಿಲ್ಲುತ್ತವೆ. ಗುಂಪಿನಲ್ಲಿ ನಿಂತಿದ್ದ, ಆ ಮದುವಣಗಿತ್ತಿಯರಲ್ಲಿ ಒಬ್ಬಳ ತಾಯಿ ಚಂದ್ರಮ್ಮನ ಕಡೆ ತಿರುಗಿ ಆಚಾರ್ರು ಕೈ ಮುಗಿದರು.

“ಚಂದ್ರಮ್ಮ, ನಿಮ್ಮ ಹುಡುಗಿ ಕಾಸಿನ ಸರ ಆ ಚೀಲದಲ್ಲಿದೆ. ಗಿಲೀಟು ಅಲ್ಲ, ನಿಮ್ಮದೇ ಚಿನ್ನ. ಜಂಬಕ್ಕೆ ಬಿದ್ದು ನಾನೇ ತಂದಿಟ್ಟೆ. ನಾನು ಮೋಸಹೋದೆ ಕಣಮ್ಮ.”

ಚಪ್ಪಾಳೆ ನಿಂತುಹೋಯಿತು. ಇಂಥ ಮಾತನ್ನು ಯಾರೂ ಅಭಿನಯಕ್ಕೆ ಆಡುವುದಿಲ್ಲವೆಂದು ಚಂದ್ರಮ್ಮನಿಗೆ ಹೊಳೆಯಿತು. ಆಕೆ ಸೀರೆ ಎತ್ತಿ ಕಟ್ಟಿ ವ್ಯಾನಿನ ಮುಂದೆ ಹೋಗಿ ನಿಂತಳು. ಹಿಂದೆಯೇ ಉಳಿದ ನಾಲ್ಕು ಮನೆಯವರು, ಅವರ ಹಿಂದೆ ಇಡೀ ಪೇಟೆ. ವ್ಯಾನು ಒಂದು ಗೇಣೂ ಮುಂದೆ ಹೋಗಲಿಲ್ಲ. ಪೊಲೀಸರು ಬಂದು ನಾಲ್ವರನ್ನೂ ಕರೆದೊಯ್ದರು. ಒಡವೆಗಳು ಅವರವರ ಕೈ ಸೇರಿದವು.

ಗುರುವಾರ ಮದುವೆ ಮನೆಗೆ ಹೋಗಲು ಆಚಾರ್ರಿಗೆ ಮುಖವಿರಲಿಲ್ಲ. ಚಂದ್ರಮ್ಮ ತಾನೇ ಬಂದು ಕರೆದಳು.

“ತಪ್ಪು ನಿಮ್ಮದೇ ಆಚಾರ್ರೇ, ಇಲ್ಲ ಅನ್ನಲ್ಲ. ಆದ್ರೆ ನಾಚಿಕೊಂಡು ಇನ್ನೊಂದು ನಿಮಿಷ ಸುಮ್ನಿದ್ದಿದ್ರೆ ನನ್ನ ಮಗಳ ಮದುವೆ ನಿಂತುಹೋಗ್ತಿತ್ತು. ಬನ್ನಿ, ಅಕ್ಷತೆ ಹಾಕಿ.”

ಆಚಾರ್ರು ಕಣ್ಣೊರೆಸಿಕೊಂಡು ಶಲ್ಯ ಹೆಗಲಿಗೇರಿಸಿದರು.

ನೀತಿ: ನಾನು ಮೋಸಹೋಗುವವನಲ್ಲ ಎಂಬ ಜಂಬವೇ ಮೋಸಗಾರನಿಗೆ ಬಾಗಿಲು ತೆರೆಯುತ್ತದೆ. ಮೋಸಹೋದದ್ದು ತಿಳಿದ ಮೇಲೂ ನಾಚಿಕೆಯಿಂದ ಬಾಯಿ ಮುಚ್ಚಿ ಕೂತರೆ, ಆ ಕಳ್ಳನಿಗೆ ನಾವೇ ಕಾವಲು ಕಾದಂತೆ. ತಕ್ಷಣ ಎದ್ದು ನಿಂತು ಹೇಳಿ.